ಸತ್ಯಾಂಶ: ಒಂದು ಕಾಲು ದಪ್ಪಗಿರುವ ಏಡಿ ರೋಗದ್ದಾ?

ಹಾನಗಲ್ ಕಡೆಯ ಗದ್ದೆಯ ಏಡಿ ಅಂತ ಒಂದು ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇಕ್ಕಳದಂಥ ಮುಂಗಾಲು ಒಂದು ದಪ್ಪ, ಇನ್ನೊಂದು ಸಣ್ಣ. "ಔಷಧ ಹೊಡೆದು ಏಡಿ ವಿಕಾರವಾಗಿದೆ, ತಿಂದರೆ ವಿಷ" ಅನ್ನೋದು ಕೆಳಗಿನ ಬರಹ.

ಇದು ಸುಳ್ಳು. ಗದ್ದೆ, ಹಳ್ಳದ ಏಡಿಗಳಲ್ಲಿ, ಅದರಲ್ಲೂ ಬೆಳೆದ ಗಂಡಿನಲ್ಲಿ, ಒಂದು ಮುಂಗಾಲು ದೊಡ್ಡದಿರುವುದು ಮಾಮೂಲು. ಕಡಲತೀರದ ಕೆಸರಲ್ಲಿರುವ ಫಿಡ್ಲರ್ ಏಡಿಯನ್ನು ನೋಡಿದರೆ ಇದು ಏನೂ ಅಲ್ಲ. ಅದರ ಗಂಡಿನ ಒಂದೇ ಕಾಲು ಮೈತೂಕದ ಅರ್ಧದ ಹತ್ತಿರಕ್ಕೂ ಹೋಗುತ್ತದೆ. ಆ ಕಾಲನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿ ಜೊತೆ ಗುದ್ದಾಡುತ್ತದೆ. ಉಣ್ಣೋಕೆ ಮಾತ್ರ ಸಣ್ಣದೇ! ಹೆಣ್ಣಿಗೆ ಎರಡೂ ಸಣ್ಣವು.

ಇನ್ನೊಂದು ಕಾರಣವೂ ಇದೆ. ಜಗಳದಲ್ಲಿ ಮುರಿದ ಕಾಲು ಏಡಿಗೆ ಮತ್ತೆ ಮೂಡುತ್ತದೆ. ಚಿಪ್ಪು ಕಳಚಿದಾಗ ಹೊಸದು ಚಿಕ್ಕದಾಗಿ ಹೊರಬರುತ್ತದೆ, ಮುಂದಿನ ಸಲ ಇನ್ನಷ್ಟು ಬೆಳೆಯುತ್ತದೆ.

ಎಡ-ಬಲ ಒಂದೇ ಥರ ಇರಬೇಕು ಅನ್ನೋ ಲೆಕ್ಕ ಹೊರಮೈಗೇ ಪೂರ್ತಿ ಹೊಂದಲ್ಲ. ಒಳಗಂತೂ ಕೇಳಲೇಬೇಡಿ: ನಮ್ಮ ಪಿತ್ತಕೋಶ ಬಲಕ್ಕೆ, ಜಠರ ಎಡಕ್ಕೆ. ನಕ್ಷತ್ರಮೀನು ಮರಿಯಿದ್ದಾಗ ಎಡ-ಬಲ ಸಮ, ದೊಡ್ಡದಾದ ಮೇಲೆ ಐದು ದಿಕ್ಕಿಗೆ ತೋಳು.

ಕೀಟನಾಶಕ ಏಡಿಗೆ ಒಳ್ಳೇದೇನಲ್ಲ, ನಿಜ. ಆದರೆ ವಿಷ ತಾಗಿದೆಯೋ ಇಲ್ಲವೋ ಅಂತ ಕಾಲಿನ ಗಾತ್ರ ಹೇಳಲ್ಲ. ಬೇಕಿದ್ದರೆ ಏಡಿಯನ್ನು ಮಗುಚಿ ನೋಡಿ. ಹೊಟ್ಟೆಗೆ ಅಂಟಿದ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಿದ್ದರೆ ಬೆಳೆದ ಹೆಣ್ಣು.