ಬಾಯಿಯ ಬಿಳಿ ಕಲೆ: ಹರಿದಾಡುತ್ತಿರುವ ಸಂದೇಶದ ಬಗ್ಗೆ ಸ್ಪಷ್ಟನೆ

"ಬಾಯಿಯಲ್ಲಿ ಬಿಳಿ ಕಲೆ ಕಂಡರೆ ಎಚ್‌ಐವಿ ಖಚಿತ, ಸುಣ್ಣ-ಅರಸಿನ ತಿಕ್ಕಿದರೆ ವಾಸಿ" ಎಂಬ ಸಂದೇಶ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಹಾಲಿನ ಕೆನೆಯಂತಹ ಬಿಳಿ ಪದರ, ಒರೆಸಿದರೆ ಎದ್ದು ಬಂದು ಅಡಿಯಲ್ಲಿ ಕೆಂಪು ಕಾಣುವಂಥದ್ದು, ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಈ ಶಿಲೀಂಧ್ರ ಅನೇಕರ ಬಾಯಲ್ಲಿ ಸುಮ್ಮನೆ ಇರುತ್ತದೆ. ಅದನ್ನು ಹತೋಟಿಯಲ್ಲಿಡುವ ದೇಹದ ತಡೆ ಸಡಿಲವಾದಾಗ ಬೆಳೆಯುತ್ತದೆ. ಎಚ್‌ಐವಿ ಒಂದು ಕಾರಣ, ನಿಜ. ಆದರೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಆ್ಯಂಟಿಬಯೋಟಿಕ್, ಕ್ಯಾನ್ಸರ್ ಚಿಕಿತ್ಸೆ, ರಾತ್ರಿಯೂ ತೆಗೆಯದ ಹಲ್ಲು ಸೆಟ್ಟು ಇವೂ ಕಾರಣಗಳೇ. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಬಳಸುವವರಿಗೂ ಇದು ಬರಬಹುದು, ಅವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಅನೇಕರು ಹೀಗೆ ಮಾಡುವುದನ್ನು ಬಿಡುತ್ತಾರೆ. ಎಳೆಗೂಸುಗಳಿಗಂತೂ ಈ ಸೋಂಕು ಮಾಮೂಲು.

ಒರೆಸಿದರೂ ಹೋಗದ ಬಿಳಿ ಕಲೆಯ ಕತೆ ಬೇರೆ. ಅಡಿಕೆ, ಹೊಗೆಸೊಪ್ಪು ಜಗಿಯುವ ನಮ್ಮ ಸೀಮೆಯಲ್ಲಿ ಅದಕ್ಕೇ ಹೆಚ್ಚು ಹೆದರಬೇಕು: ಅದು ಲ್ಯೂಕೋಪ್ಲೇಕಿಯಾ ಇರಬಹುದು, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಎರಡು ವಾರ ದಾಟಿದರೆ ದಂತವೈದ್ಯರಿಗೆ ತೋರಿಸಿ. ಬೇಕೆನಿಸಿದರೆ ಅವರು ಬಯಾಪ್ಸಿ (ಕಲೆಯ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡಿಸುತ್ತಾರೆ.

ಸುಣ್ಣ ಕ್ಷಾರ, ಬಾಯಿಯ ತೆಳು ಚರ್ಮವನ್ನು ಸುಡುತ್ತದೆ. ಶಿಲೀಂಧ್ರಕ್ಕೆ ಔಷಧವೆಂದರೆ ನಿಸ್ಟಾಟಿನ್ ಅಥವಾ ಕ್ಲೋಟ್ರಿಮಝೋಲ್, ಸಾಮಾನ್ಯವಾಗಿ 7ರಿಂದ 14 ದಿನ, ವೈದ್ಯರು ಹೇಳಿದಂತೆ. ನುಂಗುವಾಗ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ತಡಮಾಡಬೇಡಿ.

ಕಾರಣ ತಿಳಿಯದೆ ಈ ಸೋಂಕು ಮತ್ತೆ ಮತ್ತೆ ಬಂದರೆ ಸಕ್ಕರೆ, ಎಚ್‌ಐವಿ ಎರಡನ್ನೂ ಪರೀಕ್ಷಿಸಿಕೊಳ್ಳಿ. ಸರ್ಕಾರಿ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನು ಹಾಕಿ.