ನೇರಳೆ ತಿರುಳು ಇರುವಾಗ ಬೆರ್ರಿ ಕ್ಯಾಪ್ಸೂಲ್ ಯಾಕೆ?

ಈಗ ಯಾರ ಮನೆಗೆ ಹೋದರೂ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಎರಡು ಮೂರು ಪ್ಲಾಸ್ಟಿಕ್ ಡಬ್ಬಿ ಇರುತ್ತವೆ. ಒಂದು ಮಲ್ಟಿವಿಟಮಿನ್, ಇನ್ನೊಂದು ವಿಟಮಿನ್ ಸಿ, ಮತ್ತೊಂದರ ಮೇಲೆ ನೀಲಿ ಹಣ್ಣುಗಳ ಚಿತ್ರ. ನನ್ನ ತಕರಾರು ಮುಖ್ಯವಾಗಿ ಆ ಮೂರನೇ ಡಬ್ಬಿಯ ಬಗ್ಗೆ. ಹಣ್ಣಿನ ಸಾರ ತೆಗೆದು, ಒಣಗಿಸಿ, ಕ್ಯಾಪ್ಸೂಲಿಗೆ ತುಂಬಿ ಮಾರುತ್ತಾರೆ. ಅದೇ ಬಣ್ಣದ, ಅದೇ ಬಗೆಯ ಸತ್ವದ ಹಣ್ಣು ಜೂನ್ ತಿಂಗಳಲ್ಲಿ ಅದೇ ಮನೆಯ ಬೀದಿ ತುದಿಯಲ್ಲಿ ತಳ್ಳುಗಾಡಿ ಮೇಲೆ ರಾಶಿ ಬಿದ್ದಿರುತ್ತದೆ. ನೇರಳೆ ಹಣ್ಣು!

ಬ್ಲೂಬೆರ್ರಿಗೆ ಆ ಗಾಢ ಬಣ್ಣ ಕೊಡುವುದು ಆಂಥೋಸಯನಿನ್ ಅನ್ನುವ ವರ್ಣದ್ರವ್ಯ. ನೇರಳೆಯನ್ನು ನೇರಳೆ ಮಾಡಿರುವುದೂ ಅದೇ ಕುಟುಂಬದ ವರ್ಣದ್ರವ್ಯಗಳೇ. ಸೂಪರ್ ಮಾರ್ಕೆಟ್ಟಿನಲ್ಲಿ ಬೆರಳೆಣಿಕೆಯ ಬ್ಲೂಬೆರ್ರಿ ಇರುವ ಪುಟ್ಟ ಡಬ್ಬಿಗೆ ಕೊಡುವ ದುಡ್ಡಿಗೆ ಒಂದು ಕೆಜಿ ಒಳ್ಳೇ ನೇರಳೆ ಬರುತ್ತದೆ. ಆದರೂ ನಮ್ಮವರಿಗೆ ಅದು ಕಾಣುವುದಿಲ್ಲ. ಸ್ಕೂಲ್ ಗೇಟಿನ ಹತ್ತಿರ ಉಪ್ಪು ಖಾರ ಹಾಕಿಸಿಕೊಂಡು ತಿಂದು, ನಾಲಿಗೆ ಚಾಚಿ ತೋರಿಸೋ ಹಣ್ಣು ಅಷ್ಟೇ ಅಂದುಕೊಂಡಿದ್ದೇವೆ.

ನೇರಳೆಗಿರುವ ದೊಡ್ಡ ತೊಂದರೆ ಅದರ ಸೀಸನ್. ಮೇ ಕೊನೆಗೆ ಶುರುವಾದರೆ ಜುಲೈ ಹೊತ್ತಿಗೆ ಮುಗಿದೇ ಹೋಯಿತು. ಮರದಿಂದ ಬಿದ್ದರೆ ಒಡೆಯುತ್ತದೆ, ತಂದು ಇಟ್ಟರೆ ಎರಡೇ ದಿನದಲ್ಲಿ ನೀರು ಬಿಡುತ್ತದೆ. ಅದಕ್ಕೇ ನಾನು ಹಣ್ಣು ಚೆನ್ನಾಗಿರುವಾಗಲೇ ತಿರುಳು ತೆಗೆದು ಫ್ರೀಜರಿನಲ್ಲಿ ಇಡುತ್ತೇನೆ. ಇಂಗ್ಲಿಷಿನಲ್ಲಿ ಪ್ಯೂರಿ ಅನ್ನುವುದು ಇದನ್ನೇ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದರೆ ವ್ಯತ್ಯಾಸ ಆಗುವುದೇ ಇಲ್ಲಿ.

ದಪ್ಪ ಹಣ್ಣು ಆರಿಸಿ, ತಿರುಳು ಜಾಸ್ತಿ ಸಿಗುತ್ತದೆ. ನಮ್ಮ ಕಡೆ ಕಾಡಲ್ಲಿ ಸಿಗುವ ಸಣ್ಣ ನೇರಳೆಗೆ ರುಚಿ ಹೆಚ್ಚು, ಆದರೆ ಬರೀ ಬೀಜ. ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಆಮೇಲೆ ಒಳ್ಳೇ ನೀರಿನಲ್ಲಿ ಎರಡು ಸಲ ತೊಳೆಯಿರಿ. ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ ಕೈಯಲ್ಲೇ ಹಿಸುಕಬೇಕು. ಕಬ್ಬಿಣದ ಪಾತ್ರೆ ಬೇಡ, ಹಣ್ಣಿನ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ. ಬೀಜ ಸಮೇತ ಮಿಕ್ಸಿಗೆ ಹಾಕಲೇಬಾರದು. ಬೀಜ ಒಂಚೂರು ಅರೆದರೂ ಇಡೀ ತಿರುಳು ಕಹಿ. ಬೀಜ ಒಂದೊಂದಾಗಿ ಕೈಗೆ ಸಿಗುತ್ತವೆ, ತೆಗೆದು ಹಾಕಿ. ಉಳಿದ ತಿರುಳನ್ನು ಸಿಪ್ಪೆ ಸಮೇತ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿದರೆ ಮುಗಿಯಿತು. ನೀರೂ ಬೇಡ, ಸಕ್ಕರೆಯೂ ಬೇಡ.

ಸಿಪ್ಪೆ ಮಾತ್ರ ಬಿಡಬೇಡಿ. ಬಣ್ಣ ಜಾಸ್ತಿ ಇರುವುದು ಅಲ್ಲೇ, ನಾರಿನ ದೊಡ್ಡ ಪಾಲೂ ಅಲ್ಲೇ. ಬಟ್ಟೆಯಲ್ಲಿ ಸೋಸಿ ಬರೀ ರಸ ತೆಗೆದರೆ ಬೇಕಾದ್ದೆಲ್ಲ ಬಟ್ಟೆಯ ಪಾಲು, ಲೋಟದ ಪಾಲಿಗೆ ಸಿಹಿ ನೀರು. ಹಿಸುಕಿದ ಮೇಲೆ ಕೈಗೆ ಸೋಪು ಹಚ್ಚಿ ನೋಡಿ. ಕೆನ್ನೇರಳೆ ಇದ್ದ ಅಂಗೈ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಹುಳಿ ಇದ್ದಾಗ ಕೆಂಪು, ಕ್ಷಾರ ಸೇರಿದರೆ ನೀಲಿ. ಆಂಥೋಸಯನಿನ್ ಸ್ವಭಾವವೇ ಅದು. ಮಕ್ಕಳಿಗೆ ಒಂದು ಬಟ್ಟಲಿನಲ್ಲಿ ತಿರುಳಿನ ಜೊತೆ ನಿಂಬೆರಸ, ಇನ್ನೊಂದರಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿ ತೋರಿಸಿ. ಯಾವ ಸೈನ್ಸ್ ಪಾಠಕ್ಕೂ ಕಡಿಮೆ ಇಲ್ಲ.

ಐಸ್ ಟ್ರೇಗೆ ತುಂಬಿ ಗಟ್ಟಿ ಮಾಡಿ, ಆಮೇಲೆ ಗುಂಡುಗಳನ್ನು ಡಬ್ಬಿಗೆ ಹಾಕಿಟ್ಟರೆ ಬೇಕಾದಾಗ ಒಂದೆರಡು ತೆಗೆದುಕೊಳ್ಳಬಹುದು. ಕುದಿಸಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗಕ್ಕೆ ಔಷಧಿ ಹುಡುಕುತ್ತಿದ್ದ. ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಆದರೆ ಹಡಗಿನಲ್ಲಿ ತಿಂಗಳುಗಟ್ಟಲೆ ಹಣ್ಣು ಇಡೋದು ಹೇಗೆ? ರಸವನ್ನು ಬಿಸಿ ಮಾಡಿ ಬತ್ತಿಸಿ, ಗಟ್ಟಿ ಪಾಕ ಮಾಡಿ ಬಾಟಲಿಗೆ ತುಂಬಿ ಅಂದ. ರೋಗ ವಾಸಿ ಮಾಡುತ್ತಿದ್ದುದೇ ಹಣ್ಣಿನ ವಿಟಮಿನ್ ಸಿ, ಅದು ಬಿಸಿಗೆ ಬಹುಪಾಲು ಹಾಳಾಗಿ ಹೋಯಿತು, ಪಾಕ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ವಿಟಮಿನ್ ಅಂತ ಒಂದಿದೆ ಅಂತಲೇ ಆಗ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಮನೆಯಲ್ಲಿ ಫ್ರೀಜರೂ ಇದೆ. ಮತ್ತೆ ಗಂಟೆಗಟ್ಟಲೆ ಕುದಿಸಿ, ಸಮಸಮ ಸಕ್ಕರೆ ಸುರಿದು ಜಾಮ್ ಮಾಡಿ, ಆರೋಗ್ಯಕ್ಕೆ ಒಳ್ಳೇದು ಅಂತ ಮಕ್ಕಳಿಗೆ ಕೊಡುವುದು ಯಾಕೆ?

ತಿನ್ನುವುದಕ್ಕೆ ನೂರು ದಾರಿ. ನನಗೆ ಎಲ್ಲಕ್ಕಿಂತ ಇಷ್ಟ ಗಟ್ಟಿ ಮೊಸರಿನ ಜೊತೆ. ಮೊಸರಿಗೆ ಎರಡು ಚಮಚ ತಿರುಳು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ. ಇನ್ನಷ್ಟು ನೀರು ಮಾಡಿ, ತುಪ್ಪದಲ್ಲಿ ಜೀರಿಗೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ ಥರ ಅನ್ನಕ್ಕೆ ಕಲಸಿಕೊಳ್ಳಬಹುದು. ಆ ಒಗರು, ಹುಳಿ, ಹಿಂದಿನಿಂದ ಬರುವ ಸಣ್ಣ ಸಿಹಿ, ಮೂರೂ ಒಟ್ಟಿಗೆ ನಾಲಿಗೆ ಮೇಲೆ ಇಳಿಯುವ ಸುಖವೇ ಬೇರೆ. ಈ ರುಚಿಯ ಮಾತು ಸಣ್ಣದು ಅಂತ ನನಗೆ ಅನ್ನಿಸುವುದಿಲ್ಲ. ಮಾತ್ರೆಯನ್ನು ನೀರು ಕುಡಿದು ನುಂಗುತ್ತೇವೆ, ಮರೆಯುತ್ತೇವೆ. ತಿರುಳನ್ನು ತಿನ್ನುತ್ತೇವೆ, ಇನ್ನೊಂದು ಚಮಚ ಕೇಳುತ್ತೇವೆ.

ಕ್ಯಾಪ್ಸೂಲಿನಲ್ಲಿ ಹಣ್ಣಿನ ಸಾರವೇ ತಾನೇ ಇರೋದು, ಏನು ತಪ್ಪು ಅಂತ ಕೇಳುವವರಿಗೆ ನಮ್ಮ ಉಪ್ಪಾಗೆಯ ಕಥೆ ಹೇಳಬೇಕು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದು ಹೊಸದಲ್ಲ. ಮಳೆಗಾಲದ ಕಾಡಿನಲ್ಲಿ ಹಳದಿ ಬಣ್ಣದ, ಸಣ್ಣ ಕುಂಬಳದ ಹಾಗೆ ಗೀರು ಗೀರಾಗಿರುವ ಹಣ್ಣು. ಒಣಗಿಸಿದ ಸಿಪ್ಪೆ ಸಾರಿಗೆ ಹುಳಿ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನವರು ಇದೇ ಹಣ್ಣಿನ ರಸ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ, ಅದಿಲ್ಲದೆ ಪಂದಿ ಕರಿ ಇಲ್ಲ. ಇಷ್ಟು ತಲೆಮಾರು ಹೀಗೆ ಅಡುಗೆಮನೆಯ ಹುಳಿಯಾಗಿ ಇದ್ದ ಹಣ್ಣು ತೊಂಬತ್ತರ ದಶಕದಲ್ಲಿ ಗಾರ್ಸಿನಿಯಾ ಕ್ಯಾಂಬೋಜಿಯಾ ಅನ್ನುವ ಹೆಸರಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಯಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕರಗಿಸುತ್ತದೆ ಅಂತ ಪ್ರಚಾರ.

ನಮ್ಮ ಕಾಡಿನಲ್ಲಿ ಅದರ ಪರಿಣಾಮ ಏನಾಯಿತು ಅಂತ ಅಲ್ಲಿಯವರನ್ನು ಕೇಳಿ. ಬೆಲೆ ಬಂದಾಗ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆ ಕಡಿದು ಕೊಯ್ದರು. ಹಣ್ಣು ಬರುವುದೇ ಮಳೆಗಾಲದಲ್ಲಿ, ಬಿಸಿಲು ಎಲ್ಲಿಂದ ತರೋದು? ಒಲೆ ಹಾಕಿ ಒಣಗಿಸಬೇಕು. ಅದಕ್ಕೆ ಗಾಡಿಗಟ್ಟಲೆ ಸೌದೆ, ಅದೂ ಅದೇ ಕಾಡಿನದು. ಆ ಕಡೆ 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ಮಾಡಿದ್ದು ಪ್ರಕಟವಾಯಿತು. ಅರ್ಧ ಜನಕ್ಕೆ ಆ ಸಾರ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ. ತೂಕ ಇಳಿದಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಈ ಸಾರ ಇರುವ ಮಾತ್ರೆ ತಿಂದ ಕೆಲವರ ಲಿವರ್ ಕೆಟ್ಟ ವರದಿಗಳೂ ಬಂದವು. ಸಾರಿಗೆ ಒಂದು ಚೂರು ಉಪ್ಪಾಗೆ ಹಾಕಿ ಉಂಡವರು ಯಾರೂ ಇದಕ್ಕೆ ಹೆದರಬೇಕಿಲ್ಲ. ಒಂದೇ ಅಂಶವನ್ನು ಹಿಂಡಿ ತೆಗೆದು, ದಿನಕ್ಕೆ ಮೂರು ಸಲ ನುಂಗಿದಾಗ ಅದರ ಲೆಕ್ಕವೇ ಬದಲಾಗುತ್ತದೆ.

ಇದಕ್ಕಿಂತ ದೊಡ್ಡ ಉದಾಹರಣೆ ಫಿನ್ಲೆಂಡಿನದು. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಿಗೆ, ರಕ್ತದಲ್ಲಿ ಬೀಟಾ ಕೆರೋಟಿನ್ (ಕ್ಯಾರೆಟ್ಟಿಗೆ ಬಣ್ಣ ಕೊಡುವ ಅಂಶ) ಜಾಸ್ತಿ ಇರುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲೇ ಗೊತ್ತಾಗಿತ್ತು. ಹಾಗಾದರೆ ಬೀಟಾ ಕೆರೋಟಿನ್ ಮಾತ್ರೆಯನ್ನೇ ಕೊಟ್ಟುಬಿಡೋಣ ಅಂತ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರನ್ನು ಸೇರಿಸಿ ಪರೀಕ್ಷೆ ಮಾಡಿದರು. ಐದರಿಂದ ಎಂಟು ವರ್ಷ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ದಂಗಾದರು. ಆ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಆಗಿತ್ತು. ಹಣ್ಣು ತರಕಾರಿಯಲ್ಲಿ ಇದ್ದಾಗ ಒಳ್ಳೆಯ ಲಕ್ಷಣವಾಗಿ ಕಂಡದ್ದು, ಬಿಡಿಸಿ ಮಾತ್ರೆ ಮಾಡಿದಾಗ ಹಾನಿ ಮಾಡಿತು. ಈ ಪರೀಕ್ಷೆಯ ವಿಷಯ ಓದಿದ ಮೇಲೆ 'ಹಣ್ಣಿನ ಸಾರ' ಅನ್ನುವ ಮಾತು ಕೇಳಿದರೆ ನನಗೆ ಭರವಸೆ ಹುಟ್ಟುವುದಿಲ್ಲ.

ನೇರಳೆಯ ಬಣ್ಣದ್ದೂ ಹಾಗೇ. ಆಂಥೋಸಯನಿನ್ ನಮ್ಮ ರಕ್ತಕ್ಕೆ ನೇರವಾಗಿ ಸೇರುವುದು ತುಂಬಾ ಕಡಿಮೆ. ಜಾಸ್ತಿ ಪಾಲು ದೊಡ್ಡ ಕರುಳಿಗೆ ಹೋಗಿ, ಅಲ್ಲಿಯ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ. ಆ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರು ಹಣ್ಣಿನಲ್ಲಿ ಜೊತೆಗೇ ಬಂದಿರುತ್ತದೆ. ಕ್ಯಾಪ್ಸೂಲಿನಲ್ಲಿ ಅದನ್ನು ಕಸ ಅಂತ ಮೊದಲೇ ಬಿಸಾಡಿರುತ್ತಾರೆ.

ಇನ್ನು ವಿಟಮಿನ್ ಸಿ. ಅದಕ್ಕೆ ನೇರಳೆಯನ್ನು ನೆಚ್ಚಿಕೊಳ್ಳಬೇಡಿ, ಅದರಲ್ಲಿ ಇರುವುದು ಸಾಧಾರಣ. ಅದಕ್ಕೆ ಬೆಟ್ಟದ ನೆಲ್ಲಿಕಾಯಿ ಇದೆ. ನಮ್ಮ ದೇಶದ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ಸಾಕು. 100 ಗ್ರಾಂ ನೆಲ್ಲಿಕಾಯಿಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ಅಂದರೆ ಒಂದು ದೊಡ್ಡ ಕಾಯಿ ತಿಂದರೆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಚೀಪುವ ಮಾತ್ರೆಯಲ್ಲಿ 500 ಮಿಲಿಗ್ರಾಂ ಇರುತ್ತದೆ. ದೇಹಕ್ಕೆ ಬೇಡದ್ದು ಮೂತ್ರದಲ್ಲಿ ಹೋಗುತ್ತದೆ.

ಇಷ್ಟು ಹೇಳಿದೆ ಅಂತ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಬಿಸಾಡಿ ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ, ದಯವಿಟ್ಟು. ಬಿ12 ಯಾವ ಹಣ್ಣಿನಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ರಕ್ತ ಪರೀಕ್ಷೆಯಲ್ಲಿ ಅದು ಕಡಿಮೆ ಬಂದರೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು. ಬಸುರಿಯರಿಗೆ ಆಶಾ ಕಾರ್ಯಕರ್ತೆ ಮನೆಗೆ ತಂದು ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆಗೆ ಬದಲಿ ಇಲ್ಲ. ಅದನ್ನು ತಪ್ಪಿಸಿ ತಿರುಳು ತಿನ್ನಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ನೋಡಿದರೆ ನೇರಳೆಯ ಒಗರು ಕಬ್ಬಿಣದ ಅಂಶ ಹೀರಿಕೊಳ್ಳಲು ಅಡ್ಡ ಬರುತ್ತದೆ, ಆ ಮಾತ್ರೆ ತಿನ್ನುವ ಹೊತ್ತಿಗೆ ತಿರುಳು ಬೇಡ.

ಸಕ್ಕರೆ ಕಾಯಿಲೆಯವರಿಗೆ ಇನ್ನೂ ಜೋರಾಗಿ ಹೇಳಬೇಕು. ನಮ್ಮ ಚಿಕ್ಕಪ್ಪ ನೇರಳೆ ಬೀಜದ ಪುಡಿ ನಂಬಿಕೊಂಡು ತಮ್ಮ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದ ಮೇಲೆ ಮನೆಯವರಿಗೆಲ್ಲ ಗೊತ್ತಾಯಿತು. "ಅದೂ ಗಿಡದ್ದೇ ಅಲ್ವೇನೋ ಮಗಾ, ಏನಾಗುತ್ತೆ ಅಂದ್ಕೊಂಡೆ" ಅಂದರು, ಹಾಸಿಗೆ ಮೇಲೆ ಮಲಗಿಕೊಂಡೇ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಪುಡಿಯ ಡಬ್ಬಿಯ ಮೇಲೆ ಬರೆದಿದ್ದ ಭರವಸೆಯ ಮೇಲೆ ಬಂತು. ನೇರಳೆ ತಿನ್ನಿ, ಅಳತೆಯಲ್ಲಿ ತಿನ್ನಿ, ಅದರಲ್ಲೂ ಸಕ್ಕರೆ ಇದೆ ಅನ್ನೋದು ನೆನಪಿರಲಿ. ಮಾತ್ರೆ ಬಿಡುವುದು ಬಿಡದೇ ಇರುವುದು ಡಾಕ್ಟರ್ ಹೇಳಬೇಕಾದ ಮಾತು.

ಡಬ್ಬಿ ಕೊಳ್ಳುವವರು ಲೇಬಲ್ಲನ್ನಾದರೂ ತಿರುಗಿಸಿ ಓದಿ. ನಮ್ಮಲ್ಲಿ ಇಂಥ ಸಪ್ಲಿಮೆಂಟುಗಳು ಬರುವುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಕೆಳಗೆ, ಆಹಾರದ ಲೆಕ್ಕದಲ್ಲಿ. 'ಔಷಧಿಯಾಗಿ ಬಳಸಲು ಅಲ್ಲ' ಅಂತ ಅದರ ಮೇಲೆ ಬರೆದಿರಬೇಕು ಅಂತ ನಿಯಮವೇ ಇದೆ. ಮುಂದುಗಡೆ ದೊಡ್ಡ ಅಕ್ಷರದಲ್ಲಿ ರೋಗನಿರೋಧಕ ಶಕ್ತಿ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಈ ಮಾತು. ಔಷಧಿಯೂ ಅಲ್ಲದ, ಹೊಟ್ಟೆಯೂ ತುಂಬದ, ರುಚಿಯೂ ಇಲ್ಲದ ವಸ್ತುವಿಗೆ ಮಧ್ಯಮ ವರ್ಗದ ಮನೆಗಳು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿವೆ. ಅದೇ ಮನೆಯಲ್ಲಿ ಹಣ್ಣು ತುಟ್ಟಿಯಾಯಿತು ಅಂತ ಚೌಕಾಸಿ. ನೇರಳೆ ಮಾರುವ ಅಕ್ಕನ ಹತ್ತಿರ ಹತ್ತು ರೂಪಾಯಿಗೆ ಜಗಳ ಆಡಬೇಡಿ. ಎತ್ತರದ ಮರ, ಮಳೆಗೆ ಜಾರುವ ಕೊಂಬೆ. ಪ್ರಾಣ ಪಣಕ್ಕಿಟ್ಟು ಹತ್ತಿ ಇಳಿಸಿದ ಹಣ್ಣು ಅದು.

ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ನೇರಳೆ ಮರಗಳಿವೆ. ಜೂನ್ ಬಂತೆಂದರೆ ಕಾರಿನ ಮೇಲೆ ಕಲೆ ಆಗುತ್ತೆ, ಫುಟ್‌ಪಾತ್ ಜಾರುತ್ತೆ, ಕಡಿಸಿ ಅಂತ ದೂರು. ಒಂದು ಹಳೇ ಸೀರೆಯನ್ನೋ ಬಲೆಯನ್ನೋ ಮರದ ಕೆಳಗೆ ಕಟ್ಟಿದರೆ ಹಣ್ಣು ಒಡೆಯದೆ ಸಿಗುತ್ತದೆ, ರಸ್ತೆಯೂ ಚೊಕ್ಕಟ. ಅಪಾರ್ಟ್‌ಮೆಂಟಿನವರು ಸೇರಿ ಮಾಡಿದರೆ ಒಂದೇ ಮರದಿಂದ ಹತ್ತಾರು ಮನೆಗೆ ತಿರುಳು ಆಗುತ್ತದೆ. ಹೊಸದಾಗಿ ನೆಡುವವರು ಕಸಿ ಗಿಡವನ್ನೇ ಕೇಳಿ ತನ್ನಿ, ಬೀಜದ ಗಿಡಕ್ಕಿಂತ ಬೇಗ ಫಲ ಕೊಡುತ್ತದೆ.

ಈ ವರ್ಷ ಕವಳೆ ಹಣ್ಣಿನ ತಿರುಳನ್ನೂ ಹೀಗೇ ಮಾಡಿಡಬೇಕು ಅಂತಿದ್ದೇನೆ. ಬಣ್ಣ, ಹುಳಿ ಎರಡೂ ಚೆನ್ನಾಗಿದೆ, ಆದರೆ ಅದರ ಅಂಟು ಮೇಣ ಕೈಗೂ ಬಿಡುವುದಿಲ್ಲ, ಮಿಕ್ಸಿಗೂ ಬಿಡುವುದಿಲ್ಲ. ಕುದಿಸದೆ ಅದನ್ನು ಬಿಡಿಸುವ ಉಪಾಯ ನಿಮ್ಮ ಮನೆಯ ಅಜ್ಜಿಯರಿಗೆ ಗೊತ್ತಿದ್ದರೆ ಕೇಳಿ ಕೆಳಗೆ ಬರೆಯಿರಿ. ಹಿಪ್ಪುನೇರಳೆ ತೋಟ ಇರುವವರು ಹಣ್ಣನ್ನು ಏನು ಮಾಡುತ್ತೀರಿ ಅಂತಲೂ ಹೇಳಿ.