ಲೈಟಾಗಿ ಬನ್ನಿ ಅಪ್ಪಾ

"ಲೈಟಾಗಿ ಬನ್ನಿ ಅಪ್ಪಾ, ಇಲ್ಲಿ ಎಲ್ಲಾ ಸಿಗುತ್ತೆ" ಎಂದು ನ್ಯೂಜೆರ್ಸಿಯಿಂದ ಮಗಳು ಫೋನ್ ಇಟ್ಟಳು. ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ಪಟ್ಟಿ ಬಂತು. ಸಾರಿನ ಪುಡಿ ಎರಡು ಕೆಜಿ. ಹುರಿಹಿಟ್ಟು. ಬಾಣಂತಿ ಖಾರ. ಹಳೇ ಹುಣಸೆಹಣ್ಣು. ಮಗುವಿಗೆ ಕಾಲ್ಗೆಜ್ಜೆ. ಒಂದು ಕುಟ್ಟಾಣಿ, ಕಲ್ಲಿನದ್ದೇ ಆಗಬೇಕು. ಕೊನೆಗೆ, ತಿಪಟೂರು ಕೊಬ್ಬರಿ, ಎಷ್ಟಾಗುತ್ತೋ ಅಷ್ಟು.

ಲೈಟಾಗಿ ಹೋಗುವುದು ಹೇಗೆ ಎಂದು ಕಲಿಸುವವರು ಈಗ ಮೊಬೈಲ್ ತುಂಬಾ ಇದ್ದಾರೆ. ಒಬ್ಬ ಹುಡುಗ ಮೂರು ಟೀ ಶರ್ಟ್ ಸುರುಳಿ ಸುತ್ತಿ, ಒಂದೇ ಬೆನ್ನಚೀಲದಲ್ಲಿ ಹನ್ನೊಂದು ದೇಶ ಸುತ್ತಿ ಬಂದನಂತೆ. ಪಾಪ, ಅವನಿಗೆ ದೊಡ್ಡಮ್ಮ ಇಲ್ಲ ಅಂತ ಕಾಣುತ್ತೆ.

ಮೊದಲು ಸೂಟ್‌ಕೇಸು. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಹುಡುಗ ಒಂದು ದೊಡ್ಡ ನೀಲಿ ಸೂಟ್‌ಕೇಸನ್ನು ನೆಲಕ್ಕೆ ಮಲಗಿಸಿ, ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ ನಿಂತ. "ನೋಡಿ ಸಾರ್, ಏನೂ ಆಗಲ್ಲ." ಎರಡು ಸಲ ಕುಣಿದೂ ತೋರಿಸಿದ. ನಮ್ಮ ಮನೆಯವಳಿಗೆ ಸಮಾಧಾನವಾಯಿತು. ವಿಮಾನದಲ್ಲಿ ಅದರ ಮೇಲೆ ಯಾರು ಹತ್ತಿ ನಿಲ್ಲುತ್ತಾರೆ ಎಂದು ಕೇಳಬೇಕೆನಿಸಿತು, ಸುಮ್ಮನಾದೆ. ಚಕ್ರ ನಾಲ್ಕೂ ದಿಕ್ಕಿಗೆ ತಿರುಗುತ್ತವೆ ಎಂದ. ನಿಜ, ಅಂಗಡಿಯ ನುಣ್ಣನೆ ಟೈಲ್ಸ್ ಮೇಲೆ ಬೆರಳಲ್ಲಿ ತಳ್ಳಿದರೆ ಬಸವನ ಹಾಗೆ ಬಂತು. ಹೊರಗೆ ಫುಟ್‌ಪಾತಿಗೆ ಇಳಿದ ಐದನೇ ಹೆಜ್ಜೆಗೆ ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿ ನಿಂತಿತು. ಮನೆತನಕ ಹೆಗಲ ಮೇಲೆ ಹೊತ್ತು ತಂದೆ.

ನಮ್ಮ ಟಿಕೆಟ್ಟಿಗೆ ತಲೆಗೆ 23 ಕೆಜಿಯ ಎರಡು ಸೂಟ್‌ಕೇಸು, ಕೈಯಲ್ಲಿ 7 ಕೆಜಿಯ ಒಂದು ಚೀಲ. ಖಾಲಿ ಸೂಟ್‌ಕೇಸೇ ನಾಲ್ಕೂವರೆ ಕೆಜಿ. ಅಂದರೆ ನಾಲ್ಕು ಸೂಟ್‌ಕೇಸಿಗೆ 18 ಕೆಜಿ ಬರೀ ಡಬ್ಬಿಯನ್ನೇ ಅಮೆರಿಕಕ್ಕೆ ಸಾಗಿಸುತ್ತಿದ್ದೇವೆ. ಒಂದು ಪೆಟ್ಟಿಗೆ 32 ಕೆಜಿ ದಾಟಿದರೆ ದುಡ್ಡು ಕೊಟ್ಟರೂ ತಗೊಳ್ಳುವುದಿಲ್ಲ. ಎತ್ತಿ ಹಾಕುವವರ ಸೊಂಟ ಉಳಿಯಲಿ ಎಂದು ಆ ಮಿತಿ. ಒಳ್ಳೆಯ ನಿಯಮ. 50 ಕೆಜಿ ಸಿಮೆಂಟ್ ಚೀಲ ಹೊರುವ ನಮ್ಮ ಹಮಾಲರಿಗೆ ಮಾತ್ರ ಈ ಸುದ್ದಿಯನ್ನು ಇನ್ನೂ ಯಾರೂ ಹೇಳಿಲ್ಲ.

ತೂಕ ನೋಡುವುದು ಎಲ್ಲಿ? ನಮ್ಮ ಬೀದಿಯಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದವರೆಲ್ಲ ಹೋಗುವುದು ಹಳೇ ಪೇಪರ್ ಅಂಗಡಿಗೆ. ಅವನ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಮುರಿದ ಬಕೆಟ್ಟು, ತುಕ್ಕು ಹಿಡಿದ ಸೈಕಲ್ ರಿಮ್ಮಿನ ನಡುವೆ ನಮ್ಮ ನೀಲಿ ಸೂಟ್‌ಕೇಸ್ ಮದುಮಗನ ಹಾಗೆ ಕೂತಿತು. ಅವನು ಬೀಡಿ ಪಕ್ಕಕ್ಕಿಟ್ಟು ನಂಬರ್ ನೋಡಿದ. "ಇಪ್ಪತ್ತೆಂಟು ನಾನೂರು. ಹಾಕಿ ಹೋಗ್ತೀರಾ ಸಾರ್, ತಗೊಂಡು ಹೋಗ್ತೀರಾ?"

ಅಷ್ಟು ಹೊತ್ತಿಗೆ ನಾವು ಹೊರಡುವ ಸುದ್ದಿ ಹರಡಿತ್ತು. ಬಂದವರೆಲ್ಲ "ಒಂದು ಚಿಕ್ಕ ಪೊಟ್ಟಣ, ಅಷ್ಟೇ" ಎಂದೇ ಶುರು ಮಾಡಿದರು. ಪಕ್ಕದ ಮನೆಯವರ ಮಗ ಇರುವುದು ಸಿಯಾಟಲ್‌ನಲ್ಲಿ. ನಾವು ಹೋಗುವುದು ನ್ಯೂಜೆರ್ಸಿಗೆ. "ಎರಡೂ ಅಮೆರಿಕಾನೇ ಅಲ್ವಾ, ಹಾಗೇ ಒಂದು ಕೈ ಕೊಟ್ಟುಬಿಡಿ." ಎರಡರ ನಡುವಿನ ದೂರ ಹೆಚ್ಚುಕಮ್ಮಿ ತುಮಕೂರಿಂದ ದೆಹಲಿಗೆ ಹೋಗಿ ಬಂದಷ್ಟು. ಹೇಳಿ ನೋಡಿದೆ. "ಕೊರಿಯರ್ ಇದೆಯಲ್ಲ" ಎಂದರು. ಇಲ್ಲಿಂದಲೂ ಇದೆಯಲ್ಲ ಎಂದು ನಾನು ಬಾಯಿ ಬಿಡುವುದರೊಳಗೆ ನಮ್ಮ ಮನೆಯವಳು "ಕೊಡಿ ಕೊಡಿ, ಅದಕ್ಕೇನಂತೆ" ಎಂದಾಗಿತ್ತು.

ತಿಪಟೂರಿನಿಂದ ದೊಡ್ಡಮ್ಮ ಬಂದರು, ಅರ್ಧ ಮೂಟೆ ಉಂಡೆ ಕೊಬ್ಬರಿ ಸಮೇತ. ಸಂಕಟ ಶುರುವಾದದ್ದೇ ಇಲ್ಲಿ. ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕುವ ಹಾಗಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಒತ್ತಿ ತುಂಬಿದಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ಭಯ. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ನಂಬರುಗಳಲ್ಲಿ ಕೊಬ್ಬರಿಗೂ ಒಂದಿದೆ, 1363. ಗಾಳಿ ತಾಕಿದರೆ ಉರಿಯುವ ಬಿಳಿ ರಂಜಕವೂ ಇರುವುದು ಅದೇ ವರ್ಗದಲ್ಲಿ. ನಾನು ಇದನ್ನೆಲ್ಲ ಓದಿ ಹೇಳಿದೆ. ದೊಡ್ಡಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ವರ್ಷದ ಹತ್ತತ್ರ ಅಟ್ಟದ ಮೇಲೆ ಒಣಗಿಸ್ತೀವಿ. ಅದರ ಕೆಳಗೇ ಮಲಗಿ ಅರವತ್ತು ವರ್ಷ ಆಯ್ತು ಕಣಪ್ಪ. ಹಂಗಾದ್ರೆ ತಿಪಟೂರು ಇನ್ನೂ ಯಾಕೆ ಉರಿದಿಲ್ಲ?"

ಇದಕ್ಕೆ ವಿಶ್ವಸಂಸ್ಥೆಯ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ಕೊಬ್ಬರಿ ಮನೆಯಲ್ಲೇ ಉಳಿಯಿತು. ದೊಡ್ಡಮ್ಮ ಎರಡು ದಿನ ಮಾತು ಬಿಟ್ಟರು.

ಆಮೇಲೆ ಶೂ. ಇವಳು ಹುಟ್ಟಿದಾಗಿನಿಂದ ಚಪ್ಪಲಿಯವಳು. ದೂರದ ವಿಮಾನದಲ್ಲಿ ಕಾಲು ಊದುತ್ತದೆ, ಅದಕ್ಕೇ ಸಂಜೆ ಹೊತ್ತು ಹೋಗಿ ಸ್ವಲ್ಪ ಸಡಿಲವಾದ ಶೂ ತಗೊಳ್ಳಿ, ಎರಡು ವಾರ ಹಾಕಿಕೊಂಡು ಓಡಾಡಿ ಎಂದಿದ್ದಳು ಮಗಳು. ಸಂಜೆ ಬಿಡುವಾಗಿದ್ದು ಶನಿವಾರ, ಶನಿವಾರ ಕಾಲಿಗೆ ಹಾಕುವುದನ್ನು ತಗೊಳ್ಳಬಾರದು. ಭಾನುವಾರ ಹೋದೆವು. "ವಾಕಿಂಗಾ, ರನ್ನಿಂಗಾ, ಟ್ರೆಕ್ಕಿಂಗಾ?" ಎಂದು ಹುಡುಗ ಕೇಳಿದ. "ಬಾಣಂತನ" ಎಂದಳು ಇವಳು.

ಲೇಸ್ ಇಲ್ಲದ್ದೇ ಬೇಕು ಎಂದು ನನ್ನ ಷಡ್ಡಕನ ಹಟ. ಅಮೆರಿಕದ ನಿಲ್ದಾಣಗಳಲ್ಲಿ ಶೂ ಬಿಚ್ಚಿಸುತ್ತಾರೆ ಎಂದು. ಅವನು ಹೋಗಿದ್ದು ಹತ್ತು ವರ್ಷದ ಹಿಂದೆ. 2001ರ ಡಿಸೆಂಬರ್‌ನಲ್ಲಿ ಒಬ್ಬ ಬೂಟಿನೊಳಗೆ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ್ದ. 2006ರಿಂದ ಎಲ್ಲರೂ ಬಿಚ್ಚಲೇಬೇಕು ಎಂದಾಯಿತು. ಹತ್ತೊಂಬತ್ತು ವರ್ಷ ಬಿಚ್ಚಿಸಿ, 2025ರ ಜುಲೈನಲ್ಲಿ ಸಾಕು ಎಂದರು. ದೇವಸ್ಥಾನದ ಬಾಗಿಲಲ್ಲಿ ಬಿಚ್ಚಿ ಅಭ್ಯಾಸವಿದ್ದ ನಮ್ಮವರಿಗೆ ಅದೇನು ಕಷ್ಟವಾಗಿರಲಿಲ್ಲ ಬಿಡಿ. ಚಪ್ಪಲಿ ಕಾಯೋರು ಎಲ್ಲಿ ಎಂದು ಹುಡುಕುತ್ತಿದ್ದರು, ಅಷ್ಟೇ.

ತಂದ ಬಿಳಿ ಶೂ ಡಬ್ಬಿಯಿಂದ ಹೊರಗೆ ಬರಲಿಲ್ಲ. "ನಮ್ಮೂರ ಧೂಳಿಗೆ ಹಾಳಾಗುತ್ತೆ." ಹೊರಡುವ ದಿನವೇ ಮೊದಲ ಸಲ ಕಾಲಿಗೇರಿ, ದೇವನಹಳ್ಳಿ ಮುಟ್ಟುವುದರೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತು.

ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಎರಡು ಗಾಡಿ ಹೊರಟವು. ಒಂದರಲ್ಲಿ ನಾವು ಮತ್ತು ಲಗೇಜು, ಇನ್ನೊಂದರಲ್ಲಿ ಕಳಿಸಿಕೊಡುವವರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದೂ ಬಂದವರು. ನಾನು ಏಪ್ರಿಲ್ ಬಿಸಿಲಲ್ಲಿ ಎರಡು ಪ್ಯಾಂಟು, ಸ್ವೆಟರು, ಕೋಟು ಹಾಕಿದ್ದೆ. ಕೋಟಿನ ಒಂದು ಜೇಬಲ್ಲಿ ಕುಟ್ಟಾಣಿ, ಇನ್ನೊಂದರಲ್ಲಿ ಅದರ ಗುಂಡು. ಮೈಮೇಲಿನದನ್ನು ತೂಕ ಹಾಕುವುದಿಲ್ಲವಲ್ಲ. 96 ಕೆಜಿಯ ಮನುಷ್ಯ ಸಲೀಸಾಗಿ ಹತ್ತುತ್ತಾನೆ, ಅರ್ಧ ಕೆಜಿ ಚಟ್ನಿಪುಡಿ ಕೆಳಗಿಳಿಯುತ್ತದೆ.

ಕೌಂಟರಿನಲ್ಲಿ 24.6 ಬಂತು. ಹಳೇ ಪೇಪರಿನವನ ತಕ್ಕಡಿಯಲ್ಲಿ ಸರಿಯಾಗಿ 23 ಇತ್ತು. ಅವನು ಇಷ್ಟು ವರ್ಷ ನನ್ನ ಪೇಪರ್ ಹೇಗೆ ತೂಗಿದ್ದ ಎಂಬುದು ಆಗ ಗೊತ್ತಾಯಿತು. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಅಳಗುಳಿಮಣೆ ಆಟ. ನಮ್ಮ ಎಡಕ್ಕೆ ಇನ್ನೂ ಎರಡು ಸಂಸಾರಗಳು ಅದೇ ಆಟ ಆಡುತ್ತಿದ್ದವು. ಕೌಂಟರಿನ ಹುಡುಗಿ ನಗುತ್ತಾ ಕೇಳಿದಳು:

"ಸಾರ್, ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ? ಬೇರೆಯವರು ಏನಾದ್ರೂ ಕೊಟ್ಟಿದ್ದಾರಾ?"

ನಾಲ್ಕು ಸೂಟ್‌ಕೇಸ್, 92 ಕೆಜಿ. ಅದರಲ್ಲಿ ನಮ್ಮಿಬ್ಬರ ಬಟ್ಟೆ 11 ಕೆಜಿ. ಉಳಿದದ್ದೆಲ್ಲ ಊರಿನದು. ನಾವು ಲಾರಿಯ ಕ್ಲೀನರುಗಳು, ಜೊತೆಗೆ ಹೋಗುತ್ತಿದ್ದೇವೆ ಅಷ್ಟೇ. "ನಾವೇ, ಯಾರೂ ಏನೂ ಕೊಟ್ಟಿಲ್ಲ" ಎಂದಳು ನಮ್ಮ ಮನೆಯವಳು. ಮದುವೆಯಾಗಿ 34 ವರ್ಷ, ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನೋಡಿರಲಿಲ್ಲ.

ಕೈಚೀಲದ ತುಪ್ಪ ಸೆಕ್ಯುರಿಟಿಯಲ್ಲಿ ಸಿಕ್ಕಿಬಿತ್ತು. 100 ಎಂಎಲ್ ಮೇಲೆ ದ್ರವ ಇರಬಾರದು. "ದ್ರವ ಎಲ್ಲಿ? ಗಟ್ಟಿ ಮರಳು ಮರಳಾಗಿದೆ ನೋಡಿ" ಎಂದು ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿದಳು. ಆತ ಒಪ್ಪಲಿಲ್ಲ.

ನ್ಯೂಜೆರ್ಸಿಯಲ್ಲಿ ಮಗಳ ಮನೆಯಿಂದ ಹತ್ತು ನಿಮಿಷಕ್ಕೆ ಇಂಡಿಯನ್ ಅಂಗಡಿ. ಕೊಬ್ಬರಿ, ಹುಣಸೆಹಣ್ಣು, ತುಪ್ಪ, ಕುಟ್ಟಾಣಿ, ಎಲ್ಲಾ ಇತ್ತು. ಅವಳು ಮೊದಲೇ ಹೇಳಿದ್ದಳಲ್ಲ.

ವಾಪಸ್ ಬರುವಾಗ ಸೂಟ್‌ಕೇಸ್ ತುಂಬಾ ಬಾದಾಮಿ. ಕೊಟ್ಟವರಿಗೆಲ್ಲ ತರಬೇಡವೇ? ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕ್ಯಾಲಿಫೋರ್ನಿಯಾದ್ದು, ಅದನ್ನು ಹೊರಗಿನಿಂದ ಅತಿ ಹೆಚ್ಚು ಕೊಳ್ಳುವುದು ನಮ್ಮ ದೇಶ. ನಮ್ಮ ಬೀದಿಯ ಶೆಟ್ಟರ ಅಂಗಡಿಯ ಡಬ್ಬಿಯಲ್ಲೂ ಇರುವುದು ಅದೇ. "ಅಮೆರಿಕದ್ದು ರುಚಿನೇ ಬೇರೆ" ಎಂದರು ಪಕ್ಕದ ಮನೆಯವರು, ಎರಡು ತಿಂದು.

ಎರಡು ಚಕ್ರ ಕಳಕೊಂಡ ನೀಲಿ ಸೂಟ್‌ಕೇಸು ಈಗ ಅಟ್ಟದ ಮೇಲಿದೆ. ದೊಡ್ಡಮ್ಮನ ಕೊಬ್ಬರಿಯನ್ನು ಇಲಿಗೆ ಸಿಗಬಾರದೆಂದು ಇವಳು ಅದರಲ್ಲೇ ಒತ್ತಿ ತುಂಬಿ, ಜಿಪ್ ಎಳೆದು ಇಟ್ಟಿದ್ದಾಳೆ. ನಾವು ಮಲಗುವುದು ಅದರ ಕೆಳಗೆ. ರಾತ್ರಿ ಒಂದು ಸಲ ಎದ್ದು, ಏಣಿ ಹಾಕಿ, ಮೂಸಿ ನೋಡಿ ಬಂದು ಮಲಗುತ್ತೇನೆ.